ಪ್ರಮೀಳಾಳ ಕಂಪೈಲರು, ಶಿವಣ್ಣನ ಕೈ

ಯಾರಾದರೂ ‘ಸ್ವಲ್ಪ ನಿಲ್ಲು’ ಎಂದರೆ ಸಾಕು, ಪ್ರಮೀಳಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕಿರಂಗೂರಿನಲ್ಲಿ ಹುಟ್ಟಿ ಪಾಂಡವಪುರದಲ್ಲಿ ಬದುಕು ಕಟ್ಟಿಕೊಂಡ ಈ ಹೆಂಗಸು ಕೆಟ್ಟವಳಲ್ಲ, ಸೋಮಾರಿಯಂತೂ ಮೊದಲೇ ಅಲ್ಲ. ಆದರೆ ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ ಕೂತಿರುತ್ತಿತ್ತು. ಅದು ಅಪ್ಪನ ಕಡೆಯಿಂದ ಬಂದ ಆಸ್ತಿ. ಅಪ್ಪ ಸೋಮಯ್ಯ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಆಳು. ಒಂದು ದಿನ ಕಬ್ಬಿನ ಜೊತೆ ಅವನ ಎಡಗೈಯೂ ಗಾಣದೊಳಕ್ಕೆ ಹೋಯಿತು. ಕೈ ಹೋದ ಮೇಲೆ ಮನುಷ್ಯ ಮೆತ್ತಗಾದ ಎಂದುಕೊಳ್ಳಬೇಡಿ. ಉಳಿದ ಕೈಯಲ್ಲಿ ಹೆಂಡತಿಯನ್ನು ಬಡಿದ, ಮಗಳನ್ನು ಬಡಿದ, ಹಾಲು ಕೊಡದ ಎಮ್ಮೆಯನ್ನೂ ಬಡಿದ. ಅವ್ವ ತೀರಿಕೊಂಡ ಮೇಲೆ ಚಿಕ್ಕವ್ವ ಕುಳ್ಳಮ್ಮ ಬಂದು, ಬಾಗಿಲಲ್ಲಿ ಅಡ್ಡ ನಿಂತ ಸೋಮಯ್ಯನ ಎದೆಗೆ ಒನಕೆಯಿಂದ ತಿವಿದು, ಹುಡುಗಿಯನ್ನು ತನ್ನ ಮನೆಗೆ ಎಳೆದುಕೊಂಡು ಹೋದಳು. ಕುಳ್ಳಮ್ಮನೂ ಆಲೆಮನೆಯ ಕೂಲಿಯವಳೇ. ಆ ಕೂಲಿಯಲ್ಲೇ ಹುಡುಗಿಗೆ ಡಿಪ್ಲೊಮಾ ಓದಿಸಿದಳು.

ಮದುವೆಯೂ ಆಯಿತು. ಮೂರನೇ ತಿಂಗಳಿಗೆ ಗಂಡ ಕೆನ್ನೆಗೆ ಬಾರಿಸಿದ. ಪ್ರಮೀಳಾ ಕುಕ್ಕರಿನ ಮುಚ್ಚಳದಲ್ಲಿ ಅವನ ಹಲ್ಲು ಉದುರಿಸಿ, ಅದೇ ಸಂಜೆ ಬಸ್ಸು ಹತ್ತಿ ಬಂದುಬಿಟ್ಟಳು. ಆಮೇಲೆ ಅವಳನ್ನು ಕೇಳಲು ಅವನೂ ಬರಲಿಲ್ಲ, ಹಲ್ಲಿನ ಲೆಕ್ಕ ಕೇಳಲು ಅವರ ಮನೆಯವರೂ ಬರಲಿಲ್ಲ. ಪಾಂಡವಪುರದಲ್ಲಿ ದೇವರಾಜು ಎಂಬುವನು ಬೋರ್‌ವೆಲ್ಲಿನ ಮೋಟಾರುಗಳಿಗೆ ಸ್ಟಾರ್ಟರು ಮಾಡಿ ಮಾರುವ ಸಣ್ಣ ವರ್ಕ್‌ಶಾಪು ಇಟ್ಟಿದ್ದ. ಪ್ರಮೀಳಾ ಅಲ್ಲಿ ಕೆಲಸಕ್ಕೆ ಸೇರಿದಳು. ವರ್ಕ್‌ಶಾಪಿನ ಹಿಂದೆಯೇ ದೇವರಾಜುವಿನ ಮನೆ. ಅವನ ತಾಯಿ ಪುಟ್ಟಗೌರಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ಪ್ರಮೀಳಾಳಿಗೆ ಮಧ್ಯಾಹ್ನದ ಮುದ್ದೆ ಆ ಮನೆಯಲ್ಲೇ ಆಗುತ್ತಿತ್ತು.

ಗಾಣದ ಡಬ್ಬಿ ಎನ್ನುವುದು ಪ್ರಮೀಳಾಳದೇ ಯೋಚನೆ. ಗಾಣಕ್ಕೆ ಕಬ್ಬು ಕೊಡುವವನ ಕಾಲ ಬುಡದಲ್ಲಿ ಒಂದು ಪೆಡಲ್ಲು. ಕೈ ಸಿಕ್ಕಿಕೊಂಡರೆ ಅದನ್ನು ಒದೆಯಬೇಕು. ಡಬ್ಬಿಯೊಳಗಿನ ಚಿಪ್ ತಕ್ಷಣ ಮೋಟಾರನ್ನು ನಿಲ್ಲಿಸಿ, ರೋಲರುಗಳನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸುತ್ತದೆ. ಬೆರಳು ಹೋದರೂ ಕೈ ಉಳಿಯುತ್ತದೆ. ಪಾಂಡವಪುರ, ಕೆ.ಆರ್.ಪೇಟೆ, ಅತ್ತ ನಾಗಮಂಗಲದ ಹೊಣಕೆರೆಯವರೆಗೂ ಆಲೆಮನೆಗಳವರು ಗೊಣಗುತ್ತಲೇ ಡಬ್ಬಿ ಹಾಕಿಸಿಕೊಂಡರು. ಎರಡು ಕಡೆ ಅದು ನಿಜಕ್ಕೂ ಕೈ ಉಳಿಸಿತ್ತು. ಆ ಸುದ್ದಿ ಬಂದ ದಿನ ಪ್ರಮೀಳಾ ಇಡೀ ವರ್ಕ್‌ಶಾಪಿಗೆ ಮೈಸೂರುಪಾಕು ಹಂಚಿದ್ದಳು.

ಈಗ ಸ್ವಲ್ಪ ಗಮನವಿಟ್ಟು ಕೇಳಬೇಕು, ಎಲ್ಲ ಅನಾಹುತದ ಬೇರೂ ಇಲ್ಲಿದೆ. ಮೇಜಿನ ಮೇಲಿನ ಕಂಪ್ಯೂಟರಿನ ಪ್ರೊಸೆಸರು ಒಂದು ಜಾತಿ, ಡಬ್ಬಿಯ ಚಿಪ್ ಇನ್ನೊಂದು ಜಾತಿ. ಇದರ ಅಪ್ಪಣೆ ಅದಕ್ಕೆ ತಿಳಿಯದು. ಇಲ್ಲಿ ಬರೆದ ಪ್ರೋಗ್ರಾಮನ್ನು ಅಲ್ಲಿಯ ಚಿಪ್‌ಗೆ ತಿಳಿಯುವ ಹಾಗೆ ಇಲ್ಲೇ ಕೂತು ತಿರುಗಿಸಿ ಕೊಡುವ ತಂತ್ರಾಂಶಕ್ಕೆ ಕ್ರಾಸ್ ಕಂಪೈಲರು ಎನ್ನುತ್ತಾರೆ. ಡಬ್ಬಿ ಮಾಡುವುದಕ್ಕೆ ಅದೇ ಆಯುಧ. ಒಂದೇ ಜಾತಿಯ ಚಿಪ್ ಸದಾ ಸಿಕ್ಕುವ ಹಾಗಿದ್ದರೆ ಒಂದು ಆಯುಧ ಸಾಕಿತ್ತು. ಆದರೆ ಮಾರುಕಟ್ಟೆಯಲ್ಲಿ ಒಂದು ವರ್ಷ ಸಿಕ್ಕಿದ ಚಿಪ್ ಮರುವರ್ಷ ಮಾಯ. ದೇವರಾಜು ಎಲ್ಲಿ ಅಗ್ಗವೋ ಅಲ್ಲಿಂದ ತರುತ್ತಿದ್ದ. ಹೀಗೆ ಮೂರು ಜಾತಿ ಆದವು, ಮೂರಕ್ಕೂ ಬೇರೆ ಬೇರೆ ಕಂಪೈಲರು. ಕಂಪೈಲರಿಗೆ ಜೊತೆಯಾಗಿ ಲೈಬ್ರರಿ, ಎಂದರೆ ಪದೇ ಪದೇ ಬೇಕಾಗುವ ಲೆಕ್ಕಗಳ ಸಿದ್ಧ ಕಂತೆ, ಬೇಕು, ಆ ಲೈಬ್ರರಿ ತಯಾರಾಗಲು ಕಂಪೈಲರು ಬೇಕು. ಮೊದಲು ಅರ್ಧ ಕಂಪೈಲರು ಮಾಡಿ, ಅದರಿಂದ ಲೈಬ್ರರಿ ಮಾಡಿ, ಮತ್ತೆ ಪೂರ್ತಿ ಕಂಪೈಲರು ಮಾಡಬೇಕು. ಆಮೇಲೆ ಎಲ್ಲವನ್ನೂ ಒಂದರ ಕಡತ ಇನ್ನೊಂದರ ಮೇಲೆ ಬೀಳದ ಹಾಗೆ ಗಂಟು ಕಟ್ಟಬೇಕು. ಆ ಗಂಟೇ ಪ್ಯಾಕೇಜು. ಮೂವರು ಸೊಸೆಯರಿಗೂ ಒಂದೇ ಹೆಸರು, ಒಂದೇ ಬಣ್ಣದ ಸೀರೆ. ಯಾರ ಪೆಟ್ಟಿಗೆಗೆ ಯಾರ ಸೀರೆ ಹೋಯಿತೆಂದು ನೋಡಿಕೊಳ್ಳುವ ಕೆಲಸ ಅದು.

ಮೂರನೆಯ ಚಿಪ್ ತೀರಾ ಅಗ್ಗದ್ದು. ಅದರಲ್ಲಿ ಎರಡು ಬಗೆ. ಒಂದಕ್ಕೆ ಗುಣಾಕಾರ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ, ಕೂಡಿ ಕೂಡಿಯೇ ಲೆಕ್ಕ ಮಾಡಬೇಕು. ಹೇಗೆ ಕೂಡಬೇಕೆಂದು ಹೇಳಿಕೊಡಲು ಅದಕ್ಕೆ ಬೇರೆಯದೇ ಲೈಬ್ರರಿ. ದೇವರಾಜು ತಂದದ್ದು, ಹೇಳಬೇಕಾಗಿಯೇ ಇಲ್ಲ, ಬಾರದೇ ಇರುವುದನ್ನು.

ಪ್ರಮೀಳಾ ಕಟ್ಟಿದ ಪ್ಯಾಕೇಜುಗಳು ವರ್ಕ್‌ಶಾಪಿಗೆ ಮಾತ್ರ ಸೀಮಿತವಾಗಿರಲಿಲ್ಲ. ಅವುಗಳನ್ನು ಇಂಟರ್ನೆಟ್ಟಿನಲ್ಲಿ ಲೋಕಕ್ಕೆಲ್ಲ ಬಿಟ್ಟಿಯಾಗಿ ಹಂಚುತ್ತಿದ್ದಳು. ಮುಖ ಕಾಣದ ದೇಶಗಳ ಜನ ಇಳಿಸಿಕೊಂಡು ಬಳಸುತ್ತಿದ್ದರು. ಬಳಸಿದವರು ಥ್ಯಾಂಕ್ಸ್ ಹೇಳುತ್ತಿದ್ದರೇ? ಎಲ್ಲಿಯ ಮಾತು! ನನ್ನ ಕಂಪ್ಯೂಟರಿನಲ್ಲಿ ಅರ್ಧಕ್ಕೇ ನಿಂತುಹೋಯಿತು, ಯಾವ ದಡ್ಡ ಕಟ್ಟಿದ್ದು ಇದನ್ನು, ಬಾರದಿದ್ದರೆ ಬಿಟ್ಟು ತೊಲಗು ಎಂದು ಬರೆಯುತ್ತಿದ್ದರು. ಒಂದು ಮಧ್ಯಾಹ್ನ ಅಂಥದ್ದೇ ಬೈಗುಳ ಓದಿ ಪ್ರಮೀಳಾಳ ತಲೆ ಕೆಟ್ಟಿತು. ‘ನಿಲ್ಲೋದೇ ಇಲ್ಲ ಹಂಗೆ ಮಾಡ್ತೀನಿ ಬನ್ರೋ’ ಎಂದು ಕೀಬೋರ್ಡು ಕುಟ್ಟಿ ಒಂದು ಸಾಲು ಸೇರಿಸಿದಳು. ಬೇಕಾದ ಲೈಬ್ರರಿ ಸಿಗದೆ ಹೋದರೆ ನಿಲ್ಲಬೇಡ, ಪಕ್ಕದಲ್ಲಿ ಯಾವುದಿದೆಯೋ ಅದನ್ನೇ ಹಾಕಿಕೊಂಡು ಮುಂದೆ ಹೋಗು ಎನ್ನುವ ಸಾಲು. ಆ ದಿನದಿಂದ ಅವಳ ಪ್ಯಾಕೇಜು ಯಾರಲ್ಲೂ ನಿಲ್ಲಲಿಲ್ಲ. ಬೈಗುಳವೂ ನಿಂತಿತು. ಅವಳಿಗೆ ಹೆಮ್ಮೆಯೇ ಆಗಿತ್ತು.

ಆಯುಧಪೂಜೆ ಬಂತು. ಮೂರನೆಯ ಚಿಪ್‌ನ ಕಂಪೈಲರು ಬೆಳಗಿನಿಂದ ತಯಾರಾಗುತ್ತಿತ್ತು. ವರ್ಕ್‌ಶಾಪಿನ ಸ್ಕ್ರೂಡ್ರೈವರಿನಿಂದ ಹಿಡಿದು ದೇವರಾಜುವಿನ ಸ್ಕೂಟರಿನ ತನಕ ಎಲ್ಲಕ್ಕೂ ಪುಟ್ಟಗೌರಮ್ಮ ಅರಿಶಿನ ಕುಂಕುಮ ಇಟ್ಟು ಬಂದರು. ಕಂಪ್ಯೂಟರಿನ ಫ್ಯಾನು ಗುಯ್‌ಗುಟ್ಟುವುದನ್ನು ಕೇಳಿ ಅಜ್ಜಿ ಅಲ್ಲೇ ನಿಂತರು. ಪೂಜೆಯ ಹೊತ್ತಿನಲ್ಲಿ ಆಯುಧ ದುಡಿಯಬಾರದು. ನೇಗಿಲಿಗೂ ಅವತ್ತು ರಜೆ, ಮಚ್ಚಿಗೂ ರಜೆ, ಕಂಪ್ಯೂಟರಿಗೆ ಮಾತ್ರ ಯಾಕಿಲ್ಲ? ಹೋಗಿ ಮೈನು ಇಳಿಸಿಬಿಟ್ಟರು. ಪ್ರಮೀಳಾ ಬೂದುಗುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದಳು. ಪರದೆ ಕಪ್ಪಾದದ್ದನ್ನು ನೋಡಿಯೂ ಕುಂಕುಮ ತುಂಬುತ್ತಲೇ ಇದ್ದಳು. ಮಾರನೆಯ ದಿನ ವಿಜಯದಶಮಿಯ ಪೂಜೆ ಮುಗಿಸಿ ಮತ್ತೆ ಚಾಲೂ ಮಾಡಿದಾಗ, ನಿಂತಲ್ಲಿಂದ ಮುಂದುವರಿದು ಎಲ್ಲ ಸರಿಯಾಗಿದೆ ಎಂದು ಹೇಳಿತು. ಆ ಕಂಪೈಲರಿನಿಂದ ಡಬ್ಬಿಗಳಿಗೆ ಪ್ರೋಗ್ರಾಮು ತುಂಬಿದಳು. ಮೇಜಿನ ಮೇಲೆ ಮೋಟಾರು ತಿರುಗಿಸಿ ಪೆಡಲ್ಲು ಒತ್ತಿದಳು, ನಿಂತಿತು. ಕಬ್ಬಿನ ಭಾರ ಹಾಕಿ ನೋಡಲು ಮೇಜಿನ ಮೇಲೆ ಗಾಣವೆಲ್ಲಿದೆ? ಒಂದು ಡಬ್ಬಿ ಕೆ.ಆರ್.ಪೇಟೆ ರಸ್ತೆಯ ಮರಿಯಯ್ಯನ ಆಲೆಮನೆಗೆ ಹೋಯಿತು, ಇನ್ನೊಂದು ಕಿರಂಗೂರಿನ ಪುಟ್ಟರಾಜುವಿನ ಆಲೆಮನೆಗೆ. ಮೂರನೆಯದು ಕಪಾಟಿನಲ್ಲಿ ಉಳಿಯಿತು.

ಮರಿಯಯ್ಯನ ಗಾಣದಲ್ಲಿ ಕಬ್ಬು ಕೊಡುತ್ತಿದ್ದವನು ಶಿವಣ್ಣ. ಒಂದು ಬೆಳಿಗ್ಗೆ ಗಿಣ್ಣು ದಪ್ಪವಿದ್ದ ಜಲ್ಲೆ ರೋಲರಿಗೆ ಸಿಕ್ಕಿ ತಿರುಚಿಕೊಂಡು, ಅವನ ಅಂಗಿಯ ತೋಳನ್ನು ಕಚ್ಚಿ ಎಳೆಯಿತು. ಶಿವಣ್ಣ ಪೆಡಲ್ಲು ಒದ್ದ. ಗಾಣ ನಿಲ್ಲಲಿಲ್ಲ. ಬೆರಳು ಹೋಯಿತು, ಅಂಗೈ ಹೋಯಿತು, ಕಬ್ಬಿನ ಹಾಲು ಬೀಳುವ ತೊಟ್ಟಿಗೆ ನೆತ್ತರು ಬಿತ್ತು. ಅವನು ಕಿರುಚಿದ್ದು ಕೊಪ್ಪರಿಗೆಯ ಹತ್ತಿರ ಇದ್ದವರಿಗೆ ಕೇಳಿ, ಅವರಲ್ಲೊಬ್ಬ ಓಡಿ ಬಂದು ಮೈನು ಇಳಿಸುವ ಹೊತ್ತಿಗೆ ಗಾಣ ಮೊಣಕೈವರೆಗೂ ಜಗಿದು ಮುಗಿಸಿತ್ತು.

ಮರಿಯಯ್ಯನ ಆಲೆಮನೆಯಿಂದ ಫೋನು ಬಂದಾಗ ದೇವರಾಜು ಕೂತಲ್ಲೇ ಕುಸಿದ. ಪ್ರಮೀಳಾ ಕಪಾಟಿನಲ್ಲಿದ್ದ ಡಬ್ಬಿಯನ್ನು ಮೇಜಿನ ಮೋಟಾರಿಗೆ ಕಟ್ಟಿ, ತಿರುಗುವ ರಾಡಿಗೆ ಮರದ ತುಂಡೊಂದನ್ನು ಬಲವಾಗಿ ಒತ್ತಿ ಹಿಡಿದಳು. ಭಾರ ಏರುತ್ತಿದ್ದಂತೆ ಡಬ್ಬಿಯ ದೀಪ ಮಿಣುಕುವುದನ್ನು ನಿಲ್ಲಿಸಿತು. ಪೆಡಲ್ಲು ಒದ್ದಳು, ಮತ್ತೆ ಒದ್ದಳು. ಮೋಟಾರು ತಿರುಗುತ್ತಲೇ ಇತ್ತು. ಕಂಪ್ಯೂಟರಿನಲ್ಲಿ ಪ್ಯಾಕೇಜು ಬಿಚ್ಚಿ ನೋಡಿದಾಗ ಎಲ್ಲ ತಿಳಿಯಿತು. ಗುಣಾಕಾರ ಬಾರದ ಚಿಪ್‌ನ ಜಾಗದಲ್ಲಿ ಗುಣಾಕಾರ ಬರುವ ಚಿಪ್‌ನ ಲೈಬ್ರರಿ ಕೂತಿತ್ತು. ಕರೆಂಟು ಹೋದಾಗ ಬೇಕಾಗಿದ್ದ ಲೈಬ್ರರಿ ಅರ್ಧಕ್ಕೇ ನಿಂತು ಹಾಳಾಗಿತ್ತು. ಮರುದಿನ ಅದು ಸಿಗದೆ ಹೋದಾಗ ಅವಳು ಬರೆದ ಸಾಲು ಪಕ್ಕದ್ದನ್ನು ಹಾಕಿಕೊಂಡು ಮುಂದೆ ಹೋಗಿತ್ತು. ಗಾಣ ಎಂದಿನಂತೆ ಹಗುರಾಗಿ ಓಡುವಾಗ ಲೆಕ್ಕದ ಅಗತ್ಯವೇ ಬೀಳದು. ಭಾರ ಮಿತಿ ಮೀರಿ ಏರಿದಾಗ, ಎಷ್ಟು ಏರಿತೆಂದು ಚಿಪ್ ಲೆಕ್ಕ ಹಾಕಲು ಹೋಗಿ, ತನಗೆ ಬಾರದ ಗುಣಾಕಾರದ ಮುಂದೆ ಕಲ್ಲಾಗಿ ನಿಂತುಬಿಡುತ್ತಿತ್ತು. ಆಮೇಲೆ ಪೆಡಲ್ಲು ಒದ್ದರೇನು, ಹಣೆ ಚಚ್ಚಿಕೊಂಡರೇನು?

“ಪೂಜೆ ದಿನ ಮೈನ್ ಇಳ್ಸಿದ್ರಲ್ಲ, ಅಲ್ಲಿ ಎಡವಟ್ಟಾಗದೆ” ಎಂದಳು ದೇವರಾಜುವಿಗೆ. ಮುಂದಿನದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಿರಂಗೂರು ನೆನಪಾಯಿತು. ಪುಟ್ಟರಾಜುವಿನ ಗಾಣಕ್ಕೆ ಕಬ್ಬು ಕೊಡುತ್ತಿದ್ದವಳು ಕುಳ್ಳಮ್ಮ, ಅವಳ ಚಿಕ್ಕವ್ವ. ಫೋನು ಮಾಡಿದಳು. ಕುಳ್ಳಮ್ಮನ ಫೋನು ಚೀಲದಲ್ಲಿ, ಚೀಲ ಬೇವಿನ ಕೊಂಬೆಯಲ್ಲಿ, ಯಾರು ಎತ್ತುತ್ತಾರೆ? ಪುಟ್ಟರಾಜು ಎತ್ತಿದ, ಗಾಣದ ಸದ್ದಿನಲ್ಲಿ ‘ಆಮೇಕ್ ಮಾಡು’ ಎಂದು ಕಿರುಚಿ ಇಟ್ಟುಬಿಟ್ಟ. ಸ್ಕೂಟರಿನ ಕೀ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಬಾಗಿಲ ಮುಂದೆ ಟೆಂಪೊ ಬಂದು ನಿಂತಿತು.

ಮೊದಲು ಇಳಿದವನು ಶಿವಣ್ಣನ ತಮ್ಮ ನಿಂಗರಾಜು. ಅವನ ಅಂಗಿಯ ಮೇಲಿದ್ದ ನೆತ್ತರು ಅಣ್ಣನದು, ಇನ್ನೂ ಒಣಗಿರಲಿಲ್ಲ. ಕೈಯಲ್ಲಿ ಟೆಂಪೊದ ಜಾಕ್ ರಾಡು. ಹಿಂದೆ ಆಲೆಮನೆಯ ಆಳುಗಳು, ಕೆಲವರ ಕೈಯಲ್ಲಿ ಕಬ್ಬು ಸವರುವ ಮಚ್ಚು.

“ಯಾರ್ಲಾ ಡಬ್ಬಿ ಮಾಡ್ದೋನು? ಮರಿಯಯ್ಯನೋರು ಏಳವ್ರೆ, ಡಬ್ಬಿ ಮಾಡ್ದೋನ್ನ ಓಗಿ ಕೇಳು ಅಂತ. ನಮ್ಮಣ್ಣನ್ ಕೈ ಸಿಪ್ಪೆ ಆಗೋಯ್ತು ಕಣ್ಲಾ!”

ಉತ್ತರ ಬರುವ ತನಕ ಕಾಯುವ ತಾಳ್ಮೆ ಯಾರಿಗಿತ್ತು? ದೇವರಾಜುವನ್ನು ಕಾಲರು ಹಿಡಿದು ಎಳೆದು ನೆಲಕ್ಕೆ ಕೆಡವಿದರು. ಪಕ್ಕೆಗೆ ಒದ್ದರು, ಮುಖಕ್ಕೆ ಒದ್ದರು. ಒಬ್ಬ ಕಪಾಟು ಉರುಳಿಸಿದ, ಸ್ಟಾರ್ಟರುಗಳು ಚೆಲ್ಲಾಪಿಲ್ಲಿಯಾದವು. ಇನ್ನೊಬ್ಬ ಕಿಟಕಿಯ ಗಾಜು ಪುಡಿ ಮಾಡಿದ. ಪ್ರಮೀಳಾ ನಿಂಗರಾಜುವಿನ ಮುಂದೆ ಹೋಗಿ “ಕಿರಂಗೂರಲ್ಲಿ ಇನ್ನೊಂದ್ ಡಬ್ಬಿ ಅದೆ, ನಂಗೆ ದಾರಿ ಬುಡಪ್ಪ” ಎಂದು ಕೂಗಿದಳು. ತಪ್ಪಿಸಿಕೊಳ್ಳಲು ನೋಡುತ್ತಿದ್ದಾಳೆ ಎಂದುಕೊಂಡ ಅವನು ರಾಡು ಬೀಸಿದ. ತಲೆಗೆ ಬರುತ್ತಿದ್ದ ಏಟಿಗೆ ಅವಳು ಎಡಗೈ ಅಡ್ಡ ಹಿಡಿದಳು. ಮುಂಗೈಯಲ್ಲಿ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ನೋವಿಗೆ ಕಣ್ಣು ಕತ್ತಲಿಟ್ಟು ಗೋಡೆಗೆ ಒರಗಿದಳು.

ನೆಲದ ಮೇಲಿದ್ದ ದೇವರಾಜು ಬಾಯಲ್ಲಿ ರಕ್ತ ಉಗುಳುತ್ತ ಅರಚಿದ. “ನಾನಲ್ಲ ಕಣ್ರಪ್ಪ! ಪೂಜೆ ದಿನ ನಮ್ಮವ್ವ ಮೈನ್ ಇಳ್ಸುದ್ಲು, ಅದ್ರಿಂದ್ಲೇ ಕೆಟ್ಟೋಗದೆ! ಬೇಕಾದ್ರೆ ಇವಳ್ನ ಕೇಳಿ!”

ಹೆತ್ತ ತಾಯಿಯನ್ನು ಮುಂದೆ ನೂಕಿದನಲ್ಲ ಎಂದು ಆ ಹೊತ್ತಿನಲ್ಲೂ ಪ್ರಮೀಳಾಳಿಗೆ ಅಸಹ್ಯವಾಯಿತು. ಗಲಾಟೆ ಕೇಳಿ ಹಿಂದಿನ ಬಾಗಿಲಿಗೆ ಬಂದಿದ್ದ ಪುಟ್ಟಗೌರಮ್ಮ ಅಲ್ಲೇ ನಿಂತಿದ್ದರು. ಕೈಯಲ್ಲಿ ಮುದ್ದೆ ತಿರುವುವ ಕೋಲು, ಅದಕ್ಕಂಟಿದ ಹಸಿ ಹಿಟ್ಟು. ಮಗನ ಮಾತು ಅವರಿಗೆ ಪೂರಾ ಅರ್ಥವಾಯಿತೋ ಇಲ್ಲವೋ, ಕೋಲನ್ನು ನೆಲಕ್ಕೆ ಹಾಕಿ ಮುಂದೆ ಬಂದರು.

“ಊಂ ಕಣಪ್ಪ, ನಾನೇ ಇಳ್ಸಿದ್ದು. ಆಯುಧಕ್ಕೆ ಒಂದಿನಾನಾದ್ರೂ ದಣಿವಾರ್ಲಿ ಅಂತ ಇಳ್ಸ್ದೆ. ಅದ್ರಿಂದ ಇಂಗಾಯ್ತದೆ ಅಂತ ನಂಗೆ ಗೊತ್ತಿರ್ನಿಲ್ಲ. ನಂಗೇ ಒಡಿ. ನನ್ ಮಗನ್ನ ಬುಟ್ಬುಡು.”

ನಿಂಗರಾಜು ಅಜ್ಜಿಯ ಕಡೆ ತಿರುಗಿದ. ರಾಡು ಎತ್ತಿದ್ದ. ವಯಸ್ಸಾದವರೆಂದು ಒಂದು ಗಳಿಗೆ ಕೈ ತಡೆಯಿತು, ಆದರೆ ಕೋಪ ತಡೆಯುವ ಹಾಗೆ ಕಾಣಲಿಲ್ಲ. ಆ ಗಳಿಗೆಯಲ್ಲಿ ಪ್ರಮೀಳಾ ಸುಮ್ಮನಿದ್ದಿದ್ದರೆ ಅವಳ ಹೆಸರು ಎಲ್ಲೂ ಬರುತ್ತಿರಲಿಲ್ಲ. ಮೈನು ಇಳಿಸಿದ್ದು ಅಜ್ಜಿ, ಅಗ್ಗದ ಚಿಪ್ ತಂದದ್ದು ಮಗ. ಆ ಸಾಲನ್ನು ಓದಬಲ್ಲವರು ಆ ಟೆಂಪೊದಲ್ಲಿ ಯಾರೂ ಇರಲಿಲ್ಲ.

“ಆ ಅಜ್ಜಿನ ಮುಟ್ಬೇಡ ಕಣ್ಲಾ!” ಎಂದು ಅವಳು ಕಿರುಚಿದ ರಭಸಕ್ಕೆ ಎಲ್ಲರೂ ತಿರುಗಿದರು. “ಕರೆಂಟ್ ನಮ್ಮೂರಲ್ಲಿ ದಿನಾ ಓಯ್ತದೆ. ಓದ್ರೆ ಆ ಪ್ರೋಗ್ರಾಮು ಆಗ್ನಿಲ್ಲ ಅಂತ ಏಳಿ ನಿಂತ್ಕಬೇಕು. ನಿಂತ್ಕಬ್ಯಾಡ ಅಂತ ಬರ್ದೋಳು ನಾನು. ಸಿಟ್ಟಲ್ ಬರ್ದೆ, ಸೊಕ್ಕಲ್ ಬರ್ದೆ. ನಿಮ್ಮಣ್ಣನ್ ಕೈ ತಗ್ದಿದ್ದು ನಾನು. ನನ್ನ ಏನಾರ ಮಾಡು, ಆದ್ರೆ ಮೊದ್ಲು ಕಿರಂಗೂರ್ಗೆ ನಡಿ. ಅಲ್ಲಿ ಅದೇ ಡಬ್ಬಿ ಮುಂದೆ ನಮ್ಮ ಚಿಕ್ಕವ್ವ ನಿಂತವ್ಳೆ.”

ನಿಂಗರಾಜು ಅವಳ ಜಡೆ ಹಿಡಿದು ಟೆಂಪೊಗೆ ಎಳೆದು ಹಾಕಿದ. ಪುಟ್ಟಗೌರಮ್ಮ ‘ಅಯ್ಯೋ ನನ್ ಮಗ್ಳೇ’ ಎಂದು ಹಿಂದೆ ಓಡಿ ಬಂದು ಎಡವಿ ಬಿದ್ದರು. ಟೆಂಪೊ ನಿಲ್ಲಲಿಲ್ಲ. ಹಿಂದೆ, ಕಬ್ಬಿನ ತರಗಿನ ಮೇಲೆ ಬಿದ್ದಿದ್ದ ಪ್ರಮೀಳಾ ಪ್ರತಿ ಹಳ್ಳಕ್ಕೂ ನೋವಿನಿಂದ ಚೀರಿದಳು. ರೈಲ್ವೆ ಸ್ಟೇಷನ್ ದಾಟುವಾಗ ಒಬ್ಬ ಅವಳ ಬೆನ್ನಿಗೆ ಒದ್ದು ‘ನಾಟ್ಕ’ ಎಂದ. ಅವಳು ತಿರುಗಿ ಅವನ ಕಾಲಿನ ಮೀನಖಂಡಕ್ಕೆ ಬಾಯಿ ಹಾಕಿ ಕಚ್ಚಿದಳು. ಆಮೇಲೆ ಯಾರೂ ಒದೆಯಲಿಲ್ಲ.

ಕಿರಂಗೂರಿನಲ್ಲಿ ಗಾಣ ಓಡುತ್ತಿತ್ತು, ಕುಳ್ಳಮ್ಮ ಕಬ್ಬು ಕೊಡುತ್ತಿದ್ದಳು. ತಲೆಗೆ ಟವಲು ಸುತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಜಲ್ಲೆ ತುರುಕುತ್ತಿದ್ದವಳನ್ನು ಕಂಡು ಪ್ರಮೀಳಾಳಿಗೆ ಅಳು ಬಂತು. ಆ ಎರಡು ಕೈ ಇನ್ನೂ ಇದ್ದವು.

“ಚಿಕ್ಕವ್ವ, ಈಚೆ ಬಾ! ಡಬ್ಬಿ ಕೆಟ್ಟದೆ!”

ಕುಳ್ಳಮ್ಮ ಹಿಂದೆ ಸರಿದಳು. ಆದರೆ ಯಜಮಾನ ಪುಟ್ಟರಾಜು ಅಡ್ಡ ಬಂದ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುತ್ತಿದೆ, ಈಗ ಗಾಣ ನಿಲ್ಲಿಸಿದರೆ ಮುಂದಿನ ಕೊಪ್ಪರಿಗೆಗೆ ಹಾಲು ಸಾಲದು, ಡಬ್ಬಿ ದಿನಾ ನೆಟ್ಟಗೆ ನಿಲ್ಲುತ್ತಿದೆ, ಯಾರೋ ಬಂದು ಹೇಳಿದರೆಂದು ತಾನು ನಿಲ್ಲಿಸಬೇಕೇ ಎಂದು ಕೂಗಾಡಿದ. ತನ್ನ ಮಾತು ನಿಜವೆಂದು ತೋರಿಸಲು ಪೆಡಲ್ಲು ಒತ್ತಿದ. ಗಾಣ ಥಟ್ಟನೆ ನಿಂತಿತು. “ನೋಡ್ರಲಾ!” ಎಂದು ಎದೆಯುಬ್ಬಿಸಿ ಮತ್ತೆ ಚಾಲೂ ಮಾಡಿದ. ನಿಂಗರಾಜು ಪ್ರಮೀಳಾಳತ್ತ ತಿರುಗಿದ ನೋಟದಲ್ಲಿ ಕೊಲೆಯೇ ಇತ್ತು. ಅವಳು ಒಲೆಯ ಪಕ್ಕ ಬಿದ್ದಿದ್ದ ಜಾಲಿಯ ಕೊರಡನ್ನು ಬಲಗೈಯಲ್ಲಿ ಎಳೆದು ತಂದು ರೋಲರಿಗೆ ಕೊಟ್ಟಳು.

ಗಾಣ ನರಳಿತು. ಬೆಲ್ಟು ಸುಟ್ಟ ವಾಸನೆ ಬಂತು. “ಈಗ ಒತ್ತು!” ಎಂದಳು. ಪುಟ್ಟರಾಜು ಒತ್ತಿದ. ಕಾಲೆತ್ತಿ ಒದ್ದ. ಜಾಲಿಯ ಕೊರಡು ಚಟಚಟ ಸೀಳುತ್ತ ಒಳಗೆ ಹೋಗುತ್ತಲೇ ಇತ್ತು. ಅವನ ಮುಖ ಬಿಳಿಚಿತು. ಕುಳ್ಳಮ್ಮ ತನ್ನ ಕೈಗಳನ್ನು ಮಡಿಲಲ್ಲಿ ಸುತ್ತಿಕೊಂಡು ನೋಡುತ್ತ ನಿಂತಳು.

ಅಣ್ಣನಿಗೆ ಆದದ್ದೇನು ಎಂದು ನಿಂಗರಾಜು ಅದೇ ಮೊದಲ ಸಲ ಕಣ್ಣಾರೆ ಕಂಡ. ಅಪಘಾತದ ಹೊತ್ತಿಗೆ ಅವನು ಗದ್ದೆಯಲ್ಲಿದ್ದ. ಕಂಡದ್ದು ಮುಗಿದ ಮೇಲಿನದು ಮಾತ್ರ. ಕೊರಡು ಸೀಳುವುದನ್ನು ನೋಡುತ್ತ ನೋಡುತ್ತ ಅವನ ಗಂಟಲಿನಿಂದ ಪ್ರಾಣಿಯ ಕೂಗಿನಂಥದೊಂದು ಬಂತು. ಪ್ರಮೀಳಾಳ ಬಲಗೈ ಹಿಡಿದು ರೋಲರಿನ ಬಾಯಿಗೆ ಎಳೆದ.

“ನಿನ್ ಕೈಯೂ ಕೊಡು. ಕೊಡೇ! ಹೆಂಗಿರ್ತದೆ ನೋಡು!”

ಅವಳು ಕಾಲೂರಿ ಹಿಂದಕ್ಕೆ ಜಗ್ಗಿದಳು, ಸಾಧ್ಯವಾಗಲಿಲ್ಲ. ರೋಲರಿನ ಗಾಳಿ ಬೆರಳಿಗೆ ತಾಗುವಷ್ಟು ಹತ್ತಿರ. ಭಯದಲ್ಲಿ ಅವಳ ಲಂಗ ಒದ್ದೆಯಾಯಿತು. ಆಗ ಅವಳು ಆಡಿದ ಮಾತನ್ನು ಕಿರಂಗೂರಿನವರು ಇವತ್ತಿಗೂ ನೆನೆಯುತ್ತಾರೆ.

“ಎಡಗೈ ತಕೋ! ಅದ್ನ ಆಗ್ಲೇ ಮುರ್ದಾಕಿದ್ದೀಯ, ಅದ್ನೇ ತಕೋ! ಬಲಗೈಲಿ ಕೆಲ್ಸ ಅದೆ ಕಣೋ. ಆ ಕೆಟ್ ಗಂಟನ್ನ ಲೋಕಕ್ಕೆಲ್ಲ ಅಂಚಿವ್ನಿ. ಯಾವ್ ದೇಶ್ದಲ್ಲಿ ಯಾವ್ ಮಿಷನ್ಗೆ ಆಕವ್ರೋ! ವಾಪಸ್ ತಗಳಕೆ ನನ್ ಬುಟ್ರೆ ಯಾರ್ಗೂ ಆಗಕಿಲ್ಲ. ಅದೊಂದ್ ಮಾಡ್ಬುಡ್ತೀನಿ, ಆಮೇಕ್ ಇದ್ನೂ ತಕೋ!”

ಹೇಳುತ್ತಲೇ ಜೋತು ಬಿದ್ದಿದ್ದ ಎಡಗೈಯನ್ನು ತಾನೇ ಮುಂದೆ ಚಾಚಿದಳು. ನಿಂಗರಾಜುವಿನ ಹಿಡಿತ ಒಂದಿಷ್ಟು ಸಡಿಲವಾಯಿತು. ಅಷ್ಟರಲ್ಲಿ ಗಾಣ ಗಕ್ಕನೆ ನಿಂತಿತು. ಕುಳ್ಳಮ್ಮ ಮೈನು ಇಳಿಸಿದ್ದಳು. ಅಲ್ಲಿಂದ ಒಂದು ಜಲ್ಲೆ ಎಳೆದುಕೊಂಡು ಬಂದವಳೇ ನಿಂಗರಾಜುವಿನ ಬೆನ್ನಿಗೆ, ಭುಜಕ್ಕೆ, ಕತ್ತಿಗೆ ಬಾರಿಸಿದಳು. ಜಲ್ಲೆ ಮುರಿಯಿತು, ಇನ್ನೊಂದು ತೆಗೆದುಕೊಂಡಳು.

“ಅವಳ್ ಕೈ ಕಿತ್ರೆ ನಿಮ್ಮಣ್ಣನ್ ಕೈ ಬೆಳೀತದೇನ್ಲಾ? ಏಳ್ಲಾ, ಬೆಳೀತದಾ?”

ನಿಂಗರಾಜು ಏಟು ತಪ್ಪಿಸಿಕೊಳ್ಳಲಿಲ್ಲ. ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಕುಳ್ಳಮ್ಮ ತಿರುಗಿ ಅದೇ ಜಲ್ಲೆಯಿಂದ ಪ್ರಮೀಳಾಳ ಕಾಲಿಗೂ ನಾಲ್ಕು ಬಿಟ್ಟಳು. “ನೀನೂ ತಕೋ. ನಿನ್ ಸೊಕ್ಕು ಅಡಗ್ಲಿ” ಎಂದಳು. ಆಮೇಲೆ ಜಲ್ಲೆ ಬಿಸಾಡಿ, ಅವಳನ್ನು ಅಪ್ಪಿಕೊಂಡು ತಾನೂ ಅತ್ತಳು.

ಪುಟ್ಟರಾಜುವಿನ ಬೈಕಿನಲ್ಲಿ ಪಾಂಡವಪುರಕ್ಕೆ ವಾಪಸಾದ ಪ್ರಮೀಳಾ ಆಸ್ಪತ್ರೆಗೆ ಹೋಗುವುದಕ್ಕೆ ಮೊದಲು ವರ್ಕ್‌ಶಾಪಿಗೆ ಹೋದಳು. ಗಾಜಿನ ಚೂರುಗಳ ನಡುವೆ ಕಂಪ್ಯೂಟರು ಹೇಗೋ ಉಳಿದಿತ್ತು. ಪುಟ್ಟಗೌರಮ್ಮ ಅವಳ ಎಡಗೈಯನ್ನು ತಮ್ಮ ಮಡಿಲಲ್ಲಿ ಆನಿಸಿಕೊಂಡು ಕೂತರು. ಬಲಗೈಯ ಬೆರಳುಗಳಿಂದಲೇ ಪ್ಯಾಕೇಜನ್ನು ವಾಪಸು ತೆಗೆದಳು. ಬಳಸಿದವರೆಲ್ಲ ಕೂಡಲೇ ನಿಲ್ಲಿಸಿ, ಇಲ್ಲಿ ಒಬ್ಬ ಮನುಷ್ಯನ ಕೈ ಹೋಗಿದೆ, ತಪ್ಪು ನನ್ನದು ಎಂದು ಬರೆದಳು. ಆ ಸಾಲನ್ನು ಅಳಿಸಿದಳು. ಯಾರು ಎಷ್ಟು ಬೈದರೂ ಇನ್ನು ಅದು ಅಲ್ಲಿಗೆ ಬರುವುದಿಲ್ಲ. ಎಲ್ಲ ಮುಗಿಸಿ ಎದ್ದವಳು ತಲೆ ಸುತ್ತಿ ಅಜ್ಜಿಯ ಮೇಲೆಯೇ ಬಿದ್ದಳು.

ದೇವರಾಜು ಪೊಲೀಸರಿಗೆ ದೂರು ಕೊಟ್ಟ. ಅವರು ನಿಂಗರಾಜುವನ್ನೂ ಟೆಂಪೊದವರನ್ನೂ ಎಳೆದುಕೊಂಡು ಹೋದರು. ತನ್ನ ಕೈಯ ಬಗ್ಗೆ ಕೇಳಿದಾಗ ಪ್ರಮೀಳಾ ಬಾಯಿ ಬಿಡಲಿಲ್ಲ. ಕೈಗೆ ಪ್ಲಾಸ್ಟರಿನ ಕಟ್ಟು ಹಾಕಿಸಿಕೊಂಡು, ಕುಳ್ಳಮ್ಮ ಬೇಡವೆಂದರೂ ಕೇಳದೆ, ಶಿವಣ್ಣನನ್ನು ಸೇರಿಸಿದ್ದ ಮೈಸೂರಿನ ಆಸ್ಪತ್ರೆಗೆಂದು ಬಸ್ಸು ಹತ್ತಿದಳು. ಶಿವಣ್ಣನ ಕಡೆಯವರು ಮುಖಕ್ಕೆ ಉಗಿಯಬಹುದು, ಚಪ್ಪಲಿಯಲ್ಲಿ ಹೊಡೆಯಬಹುದು. ಹೊಡೆಯಲಿ ಎಂದುಕೊಂಡಳು.

ವಾರ್ಡಿನಲ್ಲಿ ಶಿವಣ್ಣ ಒಬ್ಬನೇ ಮಲಗಿದ್ದ. ಹೆಂಡತಿ ಮಾತ್ರೆ ತರಲು ಹೋಗಿದ್ದಳು. ಮೊಣಕೈಯಿಂದ ಮೇಲೆ ದಪ್ಪನೆಯ ಬ್ಯಾಂಡೇಜು, ಕೆಳಗೆ ಬರಿಯ ಹಾಸಿಗೆ. ಅವಳ ಕೈಯ ಕಟ್ಟನ್ನು ನೋಡಿ ಅವನೇ ಮೊದಲು ಮಾತಾಡಿದ.

“ನಿಂದೂ ಗಾಣಕ್ ಓಯ್ತೇನವ್ವ?”

“ಇಲ್ಲಣ್ಣ” ಎಂದಳು.

ಅವನು ಚಾವಣಿ ನೋಡುತ್ತ ತನ್ನಷ್ಟಕ್ಕೆ ಹೇಳಿಕೊಳ್ಳತೊಡಗಿದ. ಎರಡು ದಿನದಿಂದ ಎದೆಯಲ್ಲಿ ಕೊರೆಯುತ್ತಿದ್ದದ್ದನ್ನು ಹೇಳಿಕೊಳ್ಳಲು ಪರಿಚಯವಿಲ್ಲದವಳೇ ಮೇಲೆನಿಸಿತೇನೋ. “ಪೆಡಲ್ ಇತ್ತು ಕಣವ್ವ, ಒದ್ರೆ ನಿಂತ್ಕತಿತ್ತು. ಮರಿಯಯ್ಯನೋರು ಅಣ್ಣುಗಿಣ್ಣು ತಂದು ಕೊಟ್ಟು, ‘ಗಾಬ್ರಿಲಿ ಕಾಲು ಜಾರಿರ್ತದೆ ಬುಡ್ಲಾ, ನೀನು ನೆಟ್ಗೆ ಒದ್ದಿಲ್ಲ’ ಅಂ‍ದ್ರು. ಇರ್ಬೋದು. ನಂಗೆ ಒದ್ದಂಗೇ ನೆಪ್ಪು. ಆದ್ರೆ ಒದ್ದಿದ್ರೆ ನಿಂತ್ಕಬೇಕಿತ್ತಲ್ವಾ? ಆವತ್ನಿಂದ ಮಲ್ಗಿದ್ದಂಗೇ ಒದ್ದು ಒದ್ದು ನೋಡ್ತಾವ್ನಿ. ಎಂಡ್ರು ಮಕ್ಕಳ್ ಅನ್ನ ನಾನೇ ಕಳ್ದೆ ಕಣವ್ವ, ಕಾಲು ನೆಟ್ಗೆ ಇಡಕ್ ಬರ್ದೆ.”

ಹೊದಿಕೆಯ ಕೆಳಗೆ ಅವನ ಬಲಗಾಲು ಅಲುಗಿತು. ಮರಿಯಯ್ಯ ತಮ್ಮನಿಗೆ ಒಂದು ಹೇಳಿ, ಅಣ್ಣನಿಗೆ ಇನ್ನೊಂದು ಹೇಳಿದ್ದ. ನಿಜ ಬಲ್ಲ ತಮ್ಮ ಲಾಕಪ್ಪಿನಲ್ಲಿದ್ದ. ಪ್ರಮೀಳಾ ಮಂಚದ ಪಕ್ಕದಲ್ಲಿ ಮಂಡಿಯೂರಿ ಕೂತಳು.

“ನೀವು ಸರ್ಯಾಗೇ ಒದ್ದಿದ್ದೀರ ಕಣಣ್ಣ. ಡಬ್ಬಿ ಮಾಡ್ದೋಳು ನಾನು. ನಿಂತ್ಕಬೇಕಿದ್ದದ್ದು ನಿಂತ್ಕಳ್ದಂಗೆ ಮಾಡ್ದೋಳು ನಾನು. ನೀವು ಎಷ್ಟು ಒದ್ದಿದ್ರೂ ಅದು ನಿಲ್ತಿರ್ನಿಲ್ಲ.”

ಅವಳು ಹೊಡೆತಕ್ಕೆ ಕಾದಳು. ಶಿವಣ್ಣ ಅವಳ ಕಡೆಗೆ ತಲೆ ಹೊರಳಿಸಿದ. ಬೈಯಲಿಲ್ಲ. ಕೈ ಹೋದಾಗಿನಿಂದ ಹನಿ ನೀರು ಹಾಕದ ಕಣ್ಣು ತುಂಬಿಕೊಂಡಿತು.

“ಸರ್ಯಾಗೇ ಒದ್ದಿದ್ನಾ?” ಎಂದು ಕೇಳಿದ. “ಇನ್ನೊಂದ್ ಸಲ ಏಳವ್ವ.”